ಒಂದಕ್ಕೆ ಹೋಗ್ಲಾ ಸಾರ್?

ಕಾಲೇಜಿಗೆ ಹೋಗುವ ಮಗಳಿರುವ ಹೆಂಗಸು ಕಿರುಬೆರಳೆತ್ತಿ, "ಸಾರ್, ಒಂದಕ್ಕೆ ಹೋಗ್ಲಾ?" ಅಂತ ಕೇಳೋದನ್ನು ನೀವು ನೋಡಿದ್ದೀರಾ? ನೋಡಿಲ್ಲ ತಾನೆ? ಆ ಬಿಸ್ಕತ್ತು ಫ್ಯಾಕ್ಟರಿಯಲ್ಲಿ ದಿನಾ ಇದೇ ನಡೀತಿತ್ತು. ಕೇಳೋಳು ಗಂಟಲಕ್ಕ. ಕೇಳಿಸಿಕೊಳ್ಳೋನು ಅವಳ ಕಣ್ಣೆದುರೇ ಮೀಸೆ ಚಿಗುರಿಸಿಕೊಂಡ ಸೂಪರ್‌ವೈಸರ್. ಅವನು ಗಡಿಯಾರ ನೋಡೋನು, ಮಷೀನು ನೋಡೋನು, ಸೂರು ನೋಡೋನು, ಆಮೇಲೆ "ಈಗ ಬೇಡ" ಅನ್ನೋನು. ಇನ್ನೊಬ್ಬಳ ಹೊಟ್ಟೆಯೊಳಗಿನ ನಲ್ಲಿ ತಿರುಗಿಸೋ ಅಧಿಕಾರ ಇವನಿಗೆ ಯಾರು ಕೊಟ್ಟರೋ!

ಗಂಟಲಕ್ಕ ಅನ್ನೋದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಪ್ಯಾಕಿಂಗ್ ಹಾಲ್ ಇಟ್ಟ ಹೆಸರು. ಅಲ್ಲಿಯ ಗದ್ದಲದಲ್ಲಿ ಪಕ್ಕದವಳ ಮಾತು ಪಕ್ಕದವಳಿಗೇ ಕೇಳಿಸದು. ಇವಳು "ಟ್ರೇ ಖಾಲೀ" ಅಂದರೆ ಮಾತ್ರ ಆಚೆ ಕಟ್ಟಡದ ಒಲೆಯ ಹತ್ತಿರ ನಿಂತವರು ಟ್ರೇ ಹೊತ್ತು ಓಡಿ ಬರೋರು. ಮನೆಯಲ್ಲೂ ಅಷ್ಟೇ. ಅವಳು ಗಂಡನ ಹತ್ತಿರ ಗುಟ್ಟು ಹೇಳಿದರೆ ಎದುರುಮನೆಯವರು ಕಿಟಕಿ ಮುಚ್ಚಿಕೊಳ್ಳೋರು, ಪಾಪ, ಮರ್ಯಾದಸ್ಥರು.

ಮಷೀನು ಬರೋಕೆ ಮುಂಚೆ ಆ ಹಾಲಿನಲ್ಲಿ ಕೆಲಸ ಅಂದರೆ ಕೈ. ಬರೀ ಕೈ. ಉದ್ದನೆಯ ಬೆಲ್ಟು. ಅದರ ಎರಡೂ ಕಡೆ ಹೆಗಲಿಗೆ ಹೆಗಲು ತಾಗಿಸಿ ನಿಂತ ಹೆಂಗಸರು. ಬಿಸ್ಕತ್ತು ಬೆಚ್ಚಗೆ ಸಾಲಾಗಿ ಬರೋದು. ಎತ್ತು, ಜೋಡಿಸು, ತಳ್ಳು. ಎತ್ತು, ಜೋಡಿಸು, ತಳ್ಳು. ಮೇಲೆ ಉದುರಿಸಿದ ಸಕ್ಕರೆ ಹರಳು ಬೆರಳ ತುದಿಯ ಚರ್ಮ ತಿಂದು ಹಾಕೋದು. ಸಂಜೆ ಮನೆಗೆ ಹೋಗಿ ಖಾರದ ಪುಡಿ ಮುಟ್ಟಿದರೆ ಪ್ರಾಣ ಬಾಯಿಗೆ ಬರೋದು. ಕಾಲು ಊದೋದು. ಸೊಂಟ ಹಿಡಿಯೋದು. ಸ್ವರ್ಗ ಏನೂ ಆಗಿರಲಿಲ್ಲ ಬಿಡಿ.

ಆದರೆ ಅಲ್ಲಿ ಒಂದು ರೂಢಿ ಇತ್ತು. ಯಾರಿಗಾದರೂ ಒಂದಕ್ಕೆ ಬಂತು ಅನ್ನಿ, ಪಕ್ಕದವಳ ಬೆನ್ನು ಎರಡು ಸಲ ತಟ್ಟೋದು, ಹೋಗೋದು. ಅಷ್ಟೇ. ತಟ್ಟಿಸಿಕೊಂಡವಳು ಈ ಕಡೆಯಿಂದ ಒಂದು ಹೆಜ್ಜೆ ಸರಿಯೋಳು, ಆಚೆಯವಳು ಆ ಕಡೆಯಿಂದ ಒಂದು ಹೆಜ್ಜೆ. ಹೋದವಳ ಪಾಲಿನ ಬಿಸ್ಕತ್ತು ಇಬ್ಬರ ಕೈಯಲ್ಲಿ ಹಂಚಿಹೋಗೋದು. ಅವಳು ವಾಪಸು ಬಂದರೆ ಮತ್ತೆ ಸರಿದು ಜಾಗ ಬಿಡೋರು. ಬೆಲ್ಟು ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಇದನ್ನು ಯಾವ ಸಾಹೇಬನೂ ಹೇಳಿಕೊಟ್ಟಿದ್ದಲ್ಲ. ಅವರಿಗೆ ಗೊತ್ತೂ ಇರಲಿಲ್ಲ.

ಗಂಟಲಕ್ಕನ ಪಕ್ಕ ನಿಲ್ಲುತ್ತಿದ್ದವಳು ಗುಂಡಕ್ಕ. ಗುಂಡಗೆ ಇದ್ದಳು, ಗುಂಡಕ್ಕ. ಅವಳ ಬೆನ್ನು ತಟ್ಟಿದರೆ ಪುಕ್ಕಟೆ ಮಾತೂ ಸಿಗೋದು. "ಏನೇ, ಬರೋವಾಗ ಕೆರೆ ಕುಡ್ಕೊಂಡು ಬಂದ್ಯಾ? ಈಗ ತಾನೆ ಹೋಗಿದ್ದೆ! ಹೋಗು ಹೋಗು, ಇಲ್ಲೇ ಹರಿಸ್ಬೇಡ." ಬೈತಾನೇ ಸರಿಯೋಳು. ಅಷ್ಟು ವರ್ಷ ಇಬ್ಬರೂ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡೇ ಕಳೆದರು.

ಆಮೇಲೆ ಮಷೀನು ಬಂತು. ಬಾಗಿಲಲ್ಲಿ ಹಿಡಿಸಲಿಲ್ಲ, ಗೋಡೆ ಒಡೆದು ಒಳಗೆ ತಂದರು. ಮ್ಯಾನೇಜರ್ ಸಾಹೇಬರು ಎಲ್ಲರನ್ನೂ ನಿಲ್ಲಿಸಿ ಭಾಷಣ ಮಾಡಿದರು. "ನಿಮ್ಮ ಕಷ್ಟ ತಪ್ಪಿಸೋಕೇ ಇದನ್ನ ತರಿಸಿದ್ದೀವಿ." ಹೆಂಗಸರು ಚಪ್ಪಾಳೆ ತಟ್ಟಿದರು. ತಟ್ಟದೆ ಇರೋಕೆ ಆಗುತ್ತಾ? ಸಾಹೇಬರು ಮಾತು ಉಳಿಸಿಕೊಂಡರು, ಸುಳ್ಳು ಹೇಳಬಾರದು. ಗುಂಡಕ್ಕನ ಕಷ್ಟ ಎಷ್ಟು ತಪ್ಪಿತು ಅಂದರೆ, ಮುಂದಿನ ವಾರದಿಂದ ಅವಳಿಗೆ ಗೇಟಿನೊಳಗೆ ಕಾಲಿಡೋ ಕಷ್ಟವೂ ಇರಲಿಲ್ಲ. ಅವಳ ಜೊತೆ ಮುಕ್ಕಾಲು ಹಾಲಿನ ಕಷ್ಟ ತಪ್ಪಿತು. ಕಷ್ಟ ಉಳಿದದ್ದು ಗಂಟಲಕ್ಕನನ್ನೂ ಸೇರಿಸಿ ಆರು ಜನಕ್ಕೆ.

ಜೋಡಿಸೋದು, ಸುತ್ತೋದು, ಅಂಟಿಸೋದು, ಡಬ್ಬಕ್ಕೆ ತುಂಬೋದು, ಎಲ್ಲಾ ಮಷೀನೇ. ಮತ್ತೆ ಇವರಿಗೇನು ಕೆಲಸ? ಮಷೀನಿನ ಸೇವೆ. ಗಂಟಲಕ್ಕ ನಿಂತಿದ್ದು ಅದರ ಬಾಯಿಯ ಹತ್ತಿರ. ಬಿಸ್ಕತ್ತು ಸಾಲಿನಲ್ಲಿ ಬರುವಾಗ ಮುರಿದದ್ದನ್ನು ಎತ್ತಬೇಕು, ವಾರೆಯಾದದ್ದನ್ನು ನೆಟ್ಟಗೆ ಮಾಡಬೇಕು. ಒಂದು ಚೂರು ಒಳಗೆ ಹೋಯಿತೋ, ಅದು ಕೆಮ್ಮಿ ನಿಂತುಬಿಡುತ್ತೆ. ಉಳಿದ ಐದು ಜನ ದೂರ ದೂರ, ಒಬ್ಬೊಬ್ಬಳಿಗೂ ಸುತ್ತ ಕಂಬಿ ಬಡಿದ ಒಂದೊಂದು ಕಟಕಟೆ. ಒಬ್ಬಳು ಕೈ ಚಾಚಿದರೆ ಇನ್ನೊಬ್ಬಳಿಗೆ ಎಟುಕದು. ಮಷೀನಿನ ವೇಗಕ್ಕೆ ಕಣ್ಣು ಮಿಟುಕಿಸೋಕೂ ಪುರುಸೊತ್ತಿಲ್ಲ.

ಮೊದಲ ವಾರವೇ ಎಡವಟ್ಟಾಯಿತು. ಗಂಟಲಕ್ಕನಿಗೆ ಒಂದಕ್ಕೆ ಬಂತು. ತಲೆಯಲ್ಲಿ ಏನೋ ಯೋಚನೆ. ಕೈಗೆ ಅಷ್ಟು ವರ್ಷದ ಅಭ್ಯಾಸ. ಪಕ್ಕದಲ್ಲಿದ್ದ ಮಷೀನಿನ ಬೆನ್ನು ಎರಡು ಸಲ ತಟ್ಟಿ, ಕಂಬಿ ದಾಟಿ ಹೊರಟೇಬಿಟ್ಟಳು!

ಮಷೀನು ಸರಿಯುತ್ತಾ? ಅದೇನು ಗುಂಡಕ್ಕನೇ? ಅವಳಿನ್ನೂ ಬಾಗಿಲು ಮುಟ್ಟಿರಲಿಲ್ಲ, ಹಿಂದಿನಿಂದ ಕಟಕಟ, ಕರಕರ ಸದ್ದು. ತಿರುಗಿ ನೋಡಿದರೆ ಬಿಸ್ಕತ್ತು ಒಂದರ ಮೇಲೊಂದು ಹತ್ತಿ, ನುಚ್ಚಾಗಿ, ಪುಡಿಯಾಗಿ ಚಿಮ್ಮುತ್ತಿದೆ. ಸುತ್ತುವ ಹಾಳೆ ಮಾರುಗಟ್ಟಲೆ ಹೊರಗೆ ಬಂದು ನೆಲದ ಮೇಲೆ ಹರಡಿಕೊಂಡಿದೆ. ಓಡಿ ಬಂದ ಸೂಪರ್‌ವೈಸರ್ ಅದೇ ಹಾಳೆಗೆ ಕಾಲು ಸಿಕ್ಕಿಸಿಕೊಂಡು ದಬಕ್ಕನೆ ಕೂತ. ತಲೆ ತುಂಬ ಬಿಸ್ಕತ್ತಿನ ಪುಡಿ. ಹೆಂಗಸರು ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ತಪ್ಪಾಯಿತು ನೋಡಿ.

"ಯಾಕಮ್ಮ ಹೋದೆ?" ಅಂತ ಅವನು ಎದ್ದು ನಿಂತು ಕಿರುಚಿದ.

"ಒಂದಕ್ಕೆ."

"ಯಾರನ್ನ ಕೇಳಿದೆ?"

"ಮಷೀನ್ನ ತಟ್ಟಿದ್ನಲ್ಲಪ್ಪಾ," ಅಂದಳು ಗಂಟಲಕ್ಕ. ನಿಜವನ್ನೇ ಹೇಳಿದಳು. ಅವನಿಗೆ ಅದು ಗೇಲಿ ಅನ್ನಿಸಿತು.

ಮಾರನೇ ದಿನ ಹೊಸ ಕಾನೂನು. ಮಷೀನು ಓಡುವಾಗ ಯಾರೂ ಜಾಗ ಬಿಡೋ ಹಾಗಿಲ್ಲ. ಅರ್ಜೆಂಟಾದರೆ ಕೈ ಎತ್ತಿ ಕೇಳಬೇಕು. ಬಿಡೋದು ಬಿಡದಿರೋದು ಸೂಪರ್‌ವೈಸರ್ ಇಷ್ಟ. ಇಲ್ಲದಿದ್ದರೆ ಟೀ ಬಿಡುವಿನಲ್ಲಿ ಹೋಗಿ. ಎಷ್ಟು ಚೆನ್ನಾಗಿದೆ ಕೇಳೋಕೆ! ಟೀ ಬಿಡುವಿನಲ್ಲಿ ಹೋಗಬೇಕಾದರೆ ಟೋಪಿ ಬಿಚ್ಚಬೇಕು, ಕೋಟು ಬಿಚ್ಚಬೇಕು, ಗ್ಲೌಸು ಬಿಚ್ಚಬೇಕು, ಬೂಟು ಬದಲಾಯಿಸಬೇಕು. ತಿನ್ನೋ ಪದಾರ್ಥದ ಫ್ಯಾಕ್ಟರಿ, ಸ್ವಚ್ಛತೆ ಬೇಕಲ್ಲ! ಬಂದ ಮೇಲೆ ಕೈ ತಿಕ್ಕಿ ತೊಳೆದು ಮತ್ತೆ ಎಲ್ಲಾ ಹಾಕಿಕೊಳ್ಳಬೇಕು. ಹೆಂಗಸರಿಗೆ ಇರೋದು ಒಂದೇ ಕಕ್ಕಸು. ಮೂರನೆಯವಳು ಒಳಗೆ ಹೋಗೋ ಹೊತ್ತಿಗೆ ಗಂಟೆ ಹೊಡೆಯೋದು. ಉಳಿದವರು ತೊಡೆ ಬಿಗಿಹಿಡಿದುಕೊಂಡು ವಾಪಸು.

ಗಂಟಲಕ್ಕ ನೀರು ಕುಡಿಯೋದನ್ನೇ ಬಿಟ್ಟಳು. ಬೆಳಿಗ್ಗೆ ಟೀ ಬಿಟ್ಟಳು. ತುಟಿ ಒಣಗಿದರೆ ನಾಲಿಗೆ ಸವರಿಕೊಳ್ಳೋಳು. ಉಪಾಯ ಫಲಿಸಿತು ಅಂದುಕೊಂಡಳು. ಎಲ್ಲಿಯ ಫಲ? ಉರಿ ಶುರುವಾಯಿತು. ಹೋದರೆ ಉರಿ, ಹೋಗದಿದ್ದರೆ ನೋವು. ಜ್ವರ ಬಂತು. ಸೊಂಟದ ಹಿಂದೆ ಯಾರೋ ಮೊಳೆ ಹೊಡೀತಿರೋ ಹಾಗೆ. ಡಾಕ್ಟರಮ್ಮ ಪರೀಕ್ಷೆ ಮಾಡಿ ಬೈದರು. "ನೀರು ಕುಡಿಯಲ್ವಾ? ಮೂತ್ರ ಕಟ್ಕೊಂಡು ಕೂರ್ತೀಯಾ? ಹೀಗೇ ಮಾಡಿದ್ರೆ ಕಿಡ್ನಿ ಹಾಳಾಗುತ್ತೆ. ಚೆನ್ನಾಗಿ ನೀರು ಕುಡಿ. ಬಂದಾಗ ಹೋಗು. ಇದಕ್ಕೂ ಡಾಕ್ಟರ್ ಹೇಳ್ಬೇಕಾ?"

"ನಂಗೇನೋ ಹೇಳಿದ್ರಿ. ನಮ್ಮ ಸೂಪರ್‌ವೈಸರ್‌ಗೂ ಒಂದ್ಮಾತು ಹೇಳಿಬಿಡಿ," ಅಂದಳು. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ.

ಮನೆಯಲ್ಲಿ ಅತ್ತೆ. ಅತ್ತೆಯ ಬಾಯಿ ಸೊಸೆಯ ಗಂಟಲಿಗೆ ಸರಿಜೋಡಿ. ಎರಡು ಕೋಣೆಯ ಮನೆಯಲ್ಲಿ ಇಬ್ಬರೂ ಮಾತಿಗಿಳಿದರೆ ಮಗಳು ಪುಸ್ತಕ ಎತ್ತಿಕೊಂಡು ತಾರಸಿಗೆ ಹೋಗೋಳು. ಗಂಡ ವ್ಯಾನು ಓಡಿಸೋನು. ಅವನಿಗೆ ಆ ಹೊತ್ತಿಗೇ ಸರಿಯಾಗಿ ಬಾಡಿಗೆ ಸಿಗೋದು.

"ಹೊಟ್ಟೆಪಾಡಿಗೆ ಅಂತ ಹೋದೋಳು ಹೊಟ್ಟೆನೇ ಕೆಡಿಸ್ಕೊಂಡು ಬಂದ್ಯಲ್ಲೇ," ಅಂದಳು ಅತ್ತೆ. "ಎಮ್ಮೆ ಕಟ್ಟಿದೋರೂ ಎಮ್ಮೆ ಉಚ್ಚೆ ಹೊಯ್ಯೋವಾಗ ಸುಮ್ನೆ ನಿಂತ್ಕೋತಾರೆ. ನಿನ್ನ ನಿಲ್ಸಿದೋನಿಗೆ ಅಷ್ಟೂ ಬುದ್ಧಿ ಇಲ್ವಾ?"

"ಕೇಳಿದ್ರೆ ಬೇಡ ಅಂತಾನೆ ಅತ್ತೆ. ಏನ್ಮಾಡ್ಲಿ?"

"ಯಾಕೆ ಕೇಳ್ತೀಯಾ?"

ಗಂಟಲಕ್ಕ ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕಿದಳು.

ಮಷೀನಿನ ಆ ತುದಿಯಲ್ಲಿ, ಡಬ್ಬ ಹೊರಬೀಳುವ ಕಡೆ, ನಿಲ್ಲುತ್ತಿದ್ದವಳು ಒಬ್ಬ ಬಸುರಿ. ಮಷೀನು ಬರೋಕೆ ತುಸು ಮುಂಚೆ ಸೇರಿದ ಹೊಸಬಳು, ಚಿಕ್ಕ ವಯಸ್ಸು. ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಹುಡುಗಿ. ಕೈ ಎತ್ತೋಕೂ ಅವಳಿಗೆ ನಾಚಿಕೆ. ಎತ್ತಿದರೂ ಹೆಗಲಿನಿಂದ ಮೇಲೆ ಹೋಗದು. ಒಂದು ಮಧ್ಯಾಹ್ನ ಎತ್ತಿದಳು. ಸೂಪರ್‌ವೈಸರ್ ನೋಡಿಯೂ ನೋಡದ ಹಾಗೆ ಆ ಕಡೆ ಹೋದ. ಮತ್ತೆ ಎತ್ತಿದಳು. "ಸ್ವಲ್ಪ ತಡ್ಕೊಮ್ಮ, ಈ ಲೋಡ್ ಮುಗೀಲಿ," ಅಂದ. ಬಸುರಿ ಹೆಂಗಸು, ಎಲ್ಲಿಯ ತನಕ ತಡಕೊಂಡಾಳು? ನಿಂತಲ್ಲೇ ಆಗಿಹೋಯಿತು. ಬಿಳಿ ಪ್ಯಾಂಟು ಒದ್ದೆ. ಬೂಟಿನೊಳಗೆ ಒದ್ದೆ. ಅವಳ ಕೈ ಮಾತ್ರ ಡಬ್ಬ ಎತ್ತುತ್ತಲೇ ಇತ್ತು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಡಬ್ಬ ಎತ್ತುತ್ತಿದ್ದಳು, ಯಾಕೆಂದರೆ ಮಷೀನು ಕಳಿಸುತ್ತಲೇ ಇತ್ತು.

ಸೂಪರ್‌ವೈಸರ್ ಮೂಗು ಮುಚ್ಚಿಕೊಂಡು ಹೇಳಿದ. "ಛೀ, ತಿನ್ನೋ ಪದಾರ್ಥ ಇರೋ ಜಾಗ! ನೀನೇ ಒರೆಸು."

ಅವಳೇ ಒರೆಸಿದಳು. ಬಗ್ಗೋಕಾಗದ ಹೊಟ್ಟೆ ಹೊತ್ತು, ಮೊಣಕಾಲೂರಿ ಒರೆಸಿದಳು. ಗಂಟಲಕ್ಕ ಈ ತುದಿಯಿಂದ ನೋಡುತ್ತಾ ನಿಂತಳು. ಕೈ ವಾರೆ ಬಿಸ್ಕತ್ತನ್ನು ನೆಟ್ಟಗೆ ಮಾಡುತ್ತಿತ್ತು. ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು.

ಮಾರನೇ ಬೆಳಿಗ್ಗೆ ಅತ್ತೆ ಬಾಗಿಲಿಗೆ ಅಡ್ಡ ನಿಂತಳು. ಕೈಯಲ್ಲಿ ದೊಡ್ಡ ತಂಬಿಗೆ. "ಪೂರ್ತಿ ಕುಡಿದ್ರೆ ದಾರಿ ಬಿಡ್ತೀನಿ."

"ಅತ್ತೆ, ಅಲ್ಲಿ ಹೋಗೋಕ್ ಬಿಡಲ್ಲ ಅಂದ್ನಲ್ಲಾ!"

"ಡಾಕ್ಟರಮ್ಮ ಕುಡಿ ಅಂದಿದ್ದಾರೆ. ಆ ಮೀಸೆಯವ್ನು ಡಾಕ್ಟರಾ? ಕುಡಿ!"

ಗಟಗಟ ಕುಡಿದಳು. ತಂಬಿಗೆ ಖಾಲಿಯಾದ ಮೇಲೆ ಅತ್ತೆ ಇನ್ನರ್ಧ ತಂಬಿಗೆ ಬಗ್ಗಿಸಿಕೊಟ್ಟಳು. ಅದನ್ನೂ ಕುಡಿದಳು.

ಫ್ಯಾಕ್ಟರಿಗೆ ಹೋದರೆ ಮಷೀನು ನಿಂತಿದೆ. ರಾತ್ರಿಯಿಡೀ ಹೊಟ್ಟೆ ಕೆಳಗಿಂದ ಎಣ್ಣೆ ತೊಟ್ಟಿಕ್ಕಿತಂತೆ. ಮೆಕ್ಯಾನಿಕ್ ಅದರ ಪಕ್ಕ ಅಂಗಾತ ಮಲಗಿ ಬೋಲ್ಟು ಬಿಗಿ ಮಾಡುತ್ತಿದ್ದ. ಕೆಳಗೆ ತಗಡಿನ ತಟ್ಟೆ ಇಟ್ಟಿದ್ದರು. "ನಿಧಾನಕ್ಕೆ ನೋಡಪ್ಪ, ಅವಸರ ಮಾಡ್ಬೇಡ, ಅದಕ್ಕೂ ರೆಸ್ಟ್ ಬೇಕಲ್ಲ," ಅಂತ ಸೂಪರ್‌ವೈಸರ್ ಹೇಳುತ್ತಿದ್ದ. ಆ ದನಿಯಲ್ಲಿ ಎಂಥ ಮಮತೆ! ಹೆತ್ತ ತಾಯಿಯ ಹತ್ತಿರವಾದರೂ ಹಾಗೆ ಮಾತಾಡಿದ್ದನೋ ಇಲ್ಲವೋ. ಆ ಹೊತ್ತಿನಲ್ಲಾದರೂ ಹೋಗಿ ಬರೋಣ ಅಂದರೆ, ಹೆಂಗಸರ ಕೈಗೆ ಪೊರಕೆ ಕೊಟ್ಟು ನೆಲ ಗುಡಿಸಿ ಅಂದ.

ಮಷೀನು ಮತ್ತೆ ಶುರುವಾಗುವ ಮುಂಚೆ ಅವನೊಂದು ರಟ್ಟಿನ ಪೆಟ್ಟಿಗೆ ತಂದ. ಆರು ಜನಕ್ಕೂ ಒಂದೊಂದು ಕವರು ಹಂಚಿದ. ಬಿಳೀ, ಮೆತ್ತಗಿನ ಕವರು.

"ಏನಿದು?"

"ಡೈಪರು. ದೊಡ್ಡವರದ್ದು. ಕಂಪನಿ ಕಡೆಯಿಂದ ಫ್ರೀ. ನಿನ್ನೆ ಆದ ಹಾಗೆ ಆಗ್ಬಾರ್ದಲ್ಲ? ಇನ್ಮೇಲೆ ಹಾಕ್ಕೊಂಡೇ ಬನ್ನಿ. ನಿಮಗೂ ಆರಾಮ, ನಮಗೂ ಆರಾಮ."

ಬಸುರಿ ತಲೆ ಎತ್ತಲಿಲ್ಲ. ಒಬ್ಬಳು ಕವರನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡಳು, ತಾನೇ ಏನೋ ಕದ್ದವಳ ಹಾಗೆ. ಮಷೀನು ಶುರುವಾಯಿತು. ಎಲ್ಲರೂ ಅವರವರ ಕಟಕಟೆಗೆ ಹೋದರು.

ಗಂಟಲಕ್ಕನ ಹೊಟ್ಟೆಯಲ್ಲಿ ಒಂದೂವರೆ ತಂಬಿಗೆ ನೀರು ಕೆಳಗಿಳಿಯಿತು. ಕೈ ಎತ್ತಿದಳು. "ಈಗ ಬೇಡ," ಅಂದ. ಮತ್ತೆ ಎತ್ತಿದಳು. ಅವನು ಅವಳ ಕಾಲ ಬಳಿ ಇದ್ದ ಕವರಿನ ಕಡೆ ಬೆರಳು ತೋರಿಸಿ ನಕ್ಕ.

ಆ ನಗು. ಅಷ್ಟೇ ಸಾಕಾಯಿತು.

ಎದುರಿಗೇ ಕೆಂಪು ಗುಂಡಿ ಇತ್ತು. ಯಾರದ್ದಾದರೂ ಕೈ ಮಷೀನಿಗೆ ಸಿಕ್ಕಿದರೆ ಮಾತ್ರ ಒತ್ತಬೇಕು ಅಂತ ಹೇಳಿಕೊಟ್ಟಿದ್ದರು. ಗಂಟಲಕ್ಕ ಅಂಗೈ ಬಿಡಿಸಿ ಒತ್ತಿದಳು. ಮಷೀನು ಒಂದು ಸಲ ನರಳಿ ನಿಂತಿತು. ಬೆಲ್ಟು ನಿಂತಿತು. ಇಡೀ ಹಾಲು ಗಪ್‌ಚುಪ್.

ಮೆಕ್ಯಾನಿಕ್ ಓಡಿ ಬಂದ. "ಏನಾಯ್ತು? ಯಾರಿಗಾಯ್ತು?"

"ನಂಗೆ ಉಚ್ಚೆ ಬಂದಿದೆ!"

ಗದ್ದಲದಲ್ಲಿ ಕೂಗಿ ಕೂಗಿ ಪಳಗಿದ ಗಂಟಲು. ಈಗ ಗದ್ದಲವೇ ಇಲ್ಲ. ಆ ಮಾತು ಹಾಲು ದಾಟಿತು, ಒಲೆ ದಾಟಿತು, ಮೆಟ್ಟಿಲು ಹತ್ತಿ ಆಫೀಸಿಗೆ ಹೋಯಿತು. ಮ್ಯಾನೇಜರ್ ಸಾಹೇಬರು ಫೋನಿನಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದವರು ನಿಲ್ಲಿಸಿದರಂತೆ.

ಸೂಪರ್‌ವೈಸರ್ ಮುಖ ಸುಟ್ಟ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿತ್ತು. "ತಲೆ ಕೆಟ್ಟಿದ್ಯೇನಮ್ಮ? ಡೈಪರ್ ಕೊಟ್ಟಿಲ್ವಾ?"

"ಕೊಟ್ಟಿದ್ದೀಯ. ತಗೋ." ಅವಳು ಕವರು ಹರಿದಳು. ಒಂದನ್ನು ಬಿಡಿಸಿ, ಬಗ್ಗಿ, ಮಷೀನಿನ ಹೊಟ್ಟೆ ಕೆಳಗೆ ಎಣ್ಣೆ ತೊಟ್ಟಿಕ್ಕುವ ಕಡೆ ಇಟ್ಟು, ಎರಡೂ ಕಡೆಯ ಅಂಟನ್ನು ಒತ್ತಿ ಒತ್ತಿ ಅಂಟಿಸಿದಳು. "ಸೋರೋದು ಇದು. ಇದಕ್ಕೆ ಹಾಕು. ಇದಕ್ಕೆ ಸೋರಿದ್ರೆ ಮಲ್ಕೊಂಡು ಸೇವೆ ಮಾಡ್ತೀರಿ. ಬಸುರಿಗೆ ಸೋರಿದ್ರೆ ಅವಳ ಕೈಲೇ ಒರೆಸಿಸ್ತೀರಿ. ನಾಚಿಕೆ ಆಗಲ್ವೇನೋ ನಿಂಗೆ?"

ಮೆಕ್ಯಾನಿಕ್ ಆ ಕಡೆ ತಿರುಗಿಕೊಂಡ. ಅವನ ಹೆಗಲು ಕುಣಿಯುತ್ತಿತ್ತು.

ಗಂಟಲಕ್ಕ ಆ ತುದಿಗೆ ಹೋಗಿ ಬಸುರಿಯ ಕೈ ಹಿಡಿದಳು. "ನಡಿ ಮಗಾ, ಮೊದಲು ನೀನು." ಬಸುರಿ ಸೂಪರ್‌ವೈಸರ್ ಮುಖ ನೋಡಿದಳು. "ಅವನ್ನೇನು ನೋಡ್ತೀಯ? ಅವನೇನು ನಿನ್ನ ಬದಲು ಹೋಗ್ತಾನಾ?"

ಉಳಿದ ನಾಲ್ವರೂ ಕಂಬಿ ದಾಟಿದರು. ಯಾರೂ ಯಾರನ್ನೂ ಕರೆಯಲಿಲ್ಲ. ಟೋಪಿ ಬಿಚ್ಚಿದರು, ಕೋಟು ಬಿಚ್ಚಿದರು, ಗ್ಲೌಸು ಬಿಚ್ಚಿದರು, ಬೂಟು ಬದಲಾಯಿಸಿದರು. ಎಲ್ಲಾ ನಿಧಾನವಾಗಿ, ಗೋಡೆಯ ಮೇಲೆ ಬರೆದಿದ್ದ ನಿಯಮದ ಪ್ರಕಾರವೇ. ಕಕ್ಕಸಿನ ಮುಂದೆ ಸಾಲು ನಿಂತರು. ಬಸುರಿ ಹೋಗಿ ಬಂದಳು. ಗಂಟಲಕ್ಕ ಒಳಗೆ ಹೋಗಿ ಚಿಲಕ ಹಾಕಿದಳು. ಆಹಾ! ಉರಿಯಿತು, ನಿಜ. ಆದರೂ ಆ ಸುಖಕ್ಕೆ ಅವಳಿಗೆ ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಹೊರಗೆ ಬೂಟಿನ ಸದ್ದು. ಮ್ಯಾನೇಜರ್ ಸಾಹೇಬರು. "ಏನಿದು? ಒಲೆಯಿಂದ ಬಿಸ್ಕತ್ತು ಬರ್ತಾ ಇದೆ, ತಗೊಳ್ಳೋರಿಲ್ಲ! ಎಲ್ಲರಿಗೂ ಒಟ್ಟಿಗೇ ಬಂತಾ?"

"ಹೂಂ ಸಾರ್, ಒಟ್ಟಿಗೇ ಬಂತು," ಅಂದರು ಸಾಲಿನಲ್ಲಿದ್ದವರು.

ಸಾಹೇಬರು ಬಾಗಿಲು ಬಡಿದರು. "ಯಾರಮ್ಮ ಒಳಗೆ? ಹೊರಗೆ ಬಾ, ಮಾತಾಡೋಣ."

"ಹೊರಗೆ ಬಂದ್ರೆ ನೀವು ಮಾತಾಡಲ್ಲ ಸಾರ್. ಇಲ್ಲಿಂದಾನೇ ಹೇಳ್ತೀನಿ, ಕೇಳಿ. ನಾವು ಹೋಗೋವಾಗ ನಮ್ಮ ಜಾಗದಲ್ಲಿ ನಿಲ್ಲೋಕೆ ಇನ್ನಿಬ್ಬರು ಬೇಕು. ಕೈ ಎತ್ತಿ ಕೇಳೋದೆಲ್ಲ ಇನ್ನಾಗಲ್ಲ. ನಾವು ಇಸ್ಕೂಲ್ ಮಕ್ಕಳಲ್ಲ."

"ನೋಡೋಣಮ್ಮ, ಮೇಲಿನವರನ್ನ ಕೇಳ್ಬೇಕು..."

"ಕೇಳಿ ಸಾರ್. ನಾನು ಕೂತಿರ್ತೀನಿ. ತೊಂದರೆ ಏನಿಲ್ಲ."

"ಕೆಲಸದಿಂದ ತೆಗೀಬೇಕಾಗುತ್ತೆ!"

ಮಗಳ ಕಾಲೇಜು, ಮನೆ, ಎಲ್ಲಾ ಗಂಟಲಕ್ಕನ ಕಣ್ಣ ಮುಂದೆ ಬಂತು. "ತೆಗೀರಿ ಸಾರ್," ಅಂದಳು, ಚಿಲಕದ ಮೇಲೆ ಕೈಯಿಟ್ಟು. "ತೆಗೆದ್ರೂ ಮುಗಿಸ್ಕೊಂಡೇ ಬರ್ತೀನಿ."

"ನಮ್ಮನ್ನೂ ತೆಗೀರಿ ಸಾರ್," ಅಂದಳು ಸಾಲಿನಲ್ಲಿದ್ದ ಒಬ್ಬಳು. ಕೋಟಿನೊಳಗೆ ಬಚ್ಚಿಟ್ಟುಕೊಂಡಿದ್ದ ಕವರನ್ನು ತಂದು ಸಾಹೇಬರ ಕೈಯಲ್ಲಿಟ್ಟಳು. "ಇದನ್ನ ನಿಮ್ಮ ಮನೆಯವ್ರಿಗೆ ತಗೊಂಡೋಗಿ ಕೊಡ್ರಿ. ಹಾಕ್ಕೋತಾರಾ ಕೇಳಿ."

ಸಾಹೇಬರು ಕೈಯಲ್ಲಿದ್ದದ್ದು ಏನು ಅಂತ ನೋಡಿದರು. ಸೂಪರ್‌ವೈಸರ್ ಕಡೆ ನೋಡಿದರು. ಅವನು ಬೂಟು ನೋಡುತ್ತಿದ್ದ. ಒಲೆ ಮನೆಯಿಂದ ಒಬ್ಬ ಓಡಿ ಬಂದು, "ಸಾರ್, ಟ್ರೇ ಇಡೋಕೆ ಜಾಗ ಇಲ್ಲ, ಒಲೆ ಆರಿಸ್ಲಾ?" ಅಂದ. ಆರಿಸಿದರೆ ಮತ್ತೆ ಕಾಯೋಕೆ ಅರ್ಧ ದಿನ ಬೇಕು. ಅದು ಸಾಹೇಬರಿಗೂ ಗೊತ್ತು, ಒಳಗೆ ಕೂತವಳಿಗೂ ಗೊತ್ತು.

"ಯಾರಿದ್ದಾರೆ ಬರೋಕೆ? ಕೆಲಸ ಗೊತ್ತಿರೋರು?" ಸಾಹೇಬರ ದನಿ ಇಳಿದಿತ್ತು.

"ನೀವು ಕಳಿಸಿದೋರೇ ಇದ್ದಾರಲ್ಲ ಸಾರ್! ಗುಂಡಕ್ಕಂಗೆ ಫೋನ್ ಮಾಡಿ. ನಂಗೂ ಕೇಳಿಸೋ ಹಾಗೆ ಮಾಡಿ."

ನಂಬರನ್ನು ಬಾಗಿಲ ಒಳಗಿನಿಂದಲೇ ಹೇಳಿದಳು. ಸಾಹೇಬರು ಒತ್ತಿದರು. ಎಲ್ಲರಿಗೂ ಕೇಳಿಸುವ ಹಾಗೆ ಇಟ್ಟರು.

"ಯಾರು?" ಅಂದಿತು ಗುಂಡಕ್ಕನ ದನಿ.

"ನಾನಮ್ಮ, ಫ್ಯಾಕ್ಟರಿ ಮ್ಯಾನೇಜರ್. ಇನ್ನೊಬ್ಬಳನ್ನೂ ಕರ್ಕೊಂಡು ನಾಳೆಯಿಂದ ಕೆಲಸಕ್ಕೆ ಬರ್ತೀಯಾ?"

ಗಂಟಲಕ್ಕನ ಬಾಯಿಂದ ಎಲ್ಲಾ ಮೊದಲೇ ಕೇಳಿದ್ದ ಗುಂಡಕ್ಕ ಅಂದಳು. "ಕಕ್ಕಸಿಗೆ ಬಿಡ್ತೀರಾ?"

ಸಾಲು ಕಿಸಕ್ಕೆಂದಿತು. ಸಾಹೇಬರು ಕೆಮ್ಮಿದರು. "ಬಿಡ್ತೀವಿ."

"ಯಾವಾಗ ಬೇಕಾದ್ರೂ?"

"ಹೂಂ."

"ಬಾಯಿಬಿಟ್ಟು ಹೇಳಿ ಸಾರ್, ಕೇಳಿಸ್ತಿಲ್ಲ."

"ಯಾವಾಗ ಬೇಕಾದ್ರೂ ಹೋಗ್ಬಹುದಮ್ಮಾ!" ಸಾಹೇಬರು ಅಷ್ಟು ಜನರ ಎದುರಿಗೆ ಕಿರುಚಿದರು.

ಚಿಲಕ ತೆಗೆದ ಸದ್ದಾಯಿತು. ಗಂಟಲಕ್ಕ ಹೊರಗೆ ಬಂದಳು. ಸೋಪು ಹಚ್ಚಿ, ಬೆರಳ ಸಂದಿಯೆಲ್ಲ ತಿಕ್ಕಿ ಕೈ ತೊಳೆದಳು. ಅವಳ ಹಿಂದೆ ಉಳಿದ ನಾಲ್ವರೂ ಒಬ್ಬೊಬ್ಬರಾಗಿ ಹೋಗಿ ಬಂದರು. ಸಾಹೇಬರು ಗಡಿಯಾರ ನೋಡುತ್ತಾ, ಕೈಯಲ್ಲಿದ್ದ ಕವರನ್ನು ಎಲ್ಲಿಡೋದು ಅಂತ ತಿಳಿಯದೆ ನಿಂತಿದ್ದರು.

"ಆಯ್ತಲ್ಲ ಎಲ್ಲರದ್ದೂ? ನಡೀರಿ ಇನ್ನು, ಮಷೀನ್ ಶುರು ಮಾಡಿ," ಅಂದರು.

ಎಲ್ಲರೂ ಕೋಟು ಹಾಕಿಕೊಳ್ಳೋಕೆ ತಿರುಗಿದರು. ಬಸುರಿ ಮಾತ್ರ ತಿರುಗಲಿಲ್ಲ. ಒಂದು ಕೈ ಹೊಟ್ಟೆಯ ಮೇಲೆ. ತಲೆ ಎತ್ತಿದ್ದಳು.

"ನೀನು ಆಗಲೇ ಹೋಗಿ ಬಂದೆಯಲ್ಲಮ್ಮ?" ಅಂದರು ಸಾಹೇಬರು.

"ಮತ್ತೆ ಬಂತು ಸಾರ್," ಅಂದಳು ಅವಳು. ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಸಾಹೇಬರು ಕಾದರು.